ಇನ್ನೊಂದ್ ಕಿತ ಹೇಳು

ನನಗೆ ಹೈಸ್ಕೂಲಿನ ಲೆಕ್ಕ ಕಲಿಸಿದವರಿಗೆ ಲೆಕ್ಕ ಬರುತ್ತಿರಲಿಲ್ಲ. ಹೀಗೆಂದರೆ ಕೇಳಿದವರು ನಗುತ್ತಾರೆ. ಕಲಿಸಿದವರನ್ನೇ ಹೀಗಳೆಯುತ್ತಾನಲ್ಲ, ಎಂಥ ಮನುಷ್ಯ ಎಂದುಕೊಳ್ಳುತ್ತಾರೆ. ಹೀಗಳೆದದ್ದೂ ನಿಜ, ಒಂದು ಸಂಜೆ, ಎಲ್ಲರ ಎದುರಿಗೆ. ಹೋದ ತಿಂಗಳು, ನನ್ನ ಜೊತೆ ಅವರಲ್ಲೇ ಕಲಿತ ಮುನಿರಾಜು ಫೋನು ಮಾಡಿ, "ಅತ್ತೆ ಹೋಗ್ಬುಟ್ರು ಕಣಪ್ಪ" ಎಂದ. ಎಂಬತ್ತು ದಾಟಿತ್ತು, ಹಾಸಿಗೆ ಹಿಡಿದು ನರಳಲಿಲ್ಲ, ಒಳ್ಳೆಯ ಸಾವು ಎಂದೆಲ್ಲ ಹೇಳಿದ. ನಾನು ಹೂಂಗುಟ್ಟುತ್ತಿದ್ದೆ. ಕಿವಿಯಲ್ಲಿ ಮಾತ್ರ ಅವರ ಕೊಡತಿಯ ಟಕ್ ಟಕ್ ಕೇಳುತ್ತಿತ್ತು.

ನಮ್ಮೂರು ತಮಿಳುನಾಡಿಗೆ ಸೇರಿದ ಸೂಳಗಿರಿಯಿಂದ ಮೂರು ಮೈಲಿ ಒಳಗೆ. ಅತ್ತೆ ಊರಿನ ಮಗಳು. ಗಂಡ ಮನೆಅಳಿಯನಾಗಿ ಬಂದವರು, ದೊಡ್ಡ ರಸ್ತೆಯ ರಿಪೇರಿ ಕೆಲಸಕ್ಕೆ ಹೋಗುತ್ತಿದ್ದರು, ಮಾತು ಬಲು ಕಡಿಮೆ. ಊರ ಮಗಳಾದ್ದರಿಂದ ಊರಿನ ಮಕ್ಕಳಿಗೆಲ್ಲ ಆಕೆ ಅತ್ತೆ. ಎದುರಿಗೆ ನಾವು 'ನೀನು' ಎಂದೇ ಮಾತಾಡಿದವರು. ಬರೆಯಲು ಕೂತರೆ 'ಅವರು' ಎಂದೇ ಬರುತ್ತದೆ. ಇರಲಿ, ಆಗ ಕೊಡದ ಮರ್ಯಾದೆಯನ್ನು ಈಗಲಾದರೂ ಕೊಟ್ಟ ಹಾಗಾಯಿತು.

ಸಂಕ್ರಾಂತಿ ಕಳೆದರೆ ನಮ್ಮ ಕಡೆ ಹುಣಸೆಹಣ್ಣಿನ ಕಾಲ. ಮಂಡಿಯವರು ಮೂಟೆಗಟ್ಟಲೆ ಹಣ್ಣನ್ನು ಮನೆಮನೆಗೆ ಇಳಿಸಿ ಹೋಗುತ್ತಿದ್ದರು. ಹೆಂಗಸರು ಅದರ ಸಿಪ್ಪೆ ಒಡೆದು, ನಾರು ಎಳೆದು, ಬೀಜ ತೆಗೆದು ಕೊಡಬೇಕು. ಅತ್ತೆ ಜಗಲಿಯ ಮೇಲೆ ಒಂದು ಕಾಲು ಚಾಚಿ, ಇನ್ನೊಂದನ್ನು ಮಡಚಿ ಕೂತು, ಚಪ್ಪಟೆ ಕಲ್ಲಿನ ಮೇಲೆ ಹಣ್ಣಿಟ್ಟು ಮರದ ಕೊಡತಿಯಿಂದ ಬಡಿಯುತ್ತಿದ್ದರು. ಹಣ್ಣಿನ ಕಾಲ ಮುಗಿದರೆ ಮೊರ ಹಿಡಿದು ರಾಗಿ ಕೇರುವುದು, ಅವರೆಕಾಯಿ ಸುಲಿಯುವುದು. ಬರಿಗೈಯಲ್ಲಿ ಕೂತದ್ದನ್ನು ನಾನು ಕಂಡಿಲ್ಲ. ನಮ್ಮನ್ನು ಮಾತ್ರ ಆ ಕೆಲಸಕ್ಕೆ ಸೇರಿಸುತ್ತಿರಲಿಲ್ಲ. ಹಣ್ಣಿಗೆ ಕೈ ಚಾಚಿದರೆ ಕೊಡತಿಯ ಹಿಡಿಯಿಂದ ಮೆತ್ತಗೆ ತಟ್ಟಿ, "ನಿನ್ ಕೆಲ್ಸ ಬಾಯ್ನಾಗೈತೆ, ಕೈನಾಗಿಲ್ಲ" ಎನ್ನುತ್ತಿದ್ದರು.

ಆ ಜಗಲಿ ಟ್ಯೂಷನ್ ಜಗಲಿಯಾದದ್ದು ಅವರ ತಮ್ಮನ ಮಗನಿಂದ. ಅವನು ಆರನೇ ಕ್ಲಾಸಿನಲ್ಲಿ ಫೇಲಾಗಿ, ಸ್ಕೂಲೇ ಬೇಡ ಎಂದು ಹಟ ಹಿಡಿದು ಕೂತಿದ್ದ. ಹೊಡೆದರು, ಬೈದರು, ದೆವ್ವ ಹಿಡಿದಿದೆಯೆಂದು ತಾಯಿತ ಕಟ್ಟಿಸಿದರು. ಅತ್ತೆ ಅವನನ್ನು ಕರೆದು, "ನಂಗೂ ಒಬ್ಳೇ ಕೂತು ಕೂತು ಬ್ಯಾಸರ. ಆ ಪುಸ್ತಕದಾಗೆ ಏನೈತೋ ಓದಿ ಹೇಳ್ಲಾ, ಕೇಳ್ಕೊಂತಾ ಹಣ್ಣು ಬಡೀತೀನಿ" ಎಂದರಂತೆ. ಅವನು ಓದಿದ. ಇವರು ಅದು ಯಾಕೆ, ಇದು ಹೆಂಗೆ ಎಂದು ಕೇಳುತ್ತಾ ಹೋದರು. ಮುಂದಿನ ವರ್ಷ ಹುಡುಗ ಪಾಸಾದ. ಪಕ್ಕದ ಮನೆಯವರು ತಮ್ಮವನನ್ನೂ ಕಳಿಸಿದರು, ಅವರ ಪಕ್ಕದವರು ತಮ್ಮವಳನ್ನೂ. ನಾನು ಆರನೇ ಕ್ಲಾಸಿಗೆ ಬರುವ ಹೊತ್ತಿಗೆ ಸಂಜೆ ಐದರಿಂದ ದೀಪ ಹಚ್ಚುವವರೆಗೆ ಅಲ್ಲಿ ಹದಿನೈದಿಪ್ಪತ್ತು ಮಕ್ಕಳು.

ನಮ್ಮ ಪಾಡೇ ಬೇರೆ. ಮನೆಯಲ್ಲಿ ಕನ್ನಡ, ಕೆಲವರ ಮನೆಯಲ್ಲಿ ತೆಲುಗು, ಸೂಳಗಿರಿಯ ಹೈಸ್ಕೂಲಿನಲ್ಲಿ ತಮಿಳು. ಪಾಠವನ್ನು ಗಿಳಿಗಳ ಹಾಗೆ ಒಪ್ಪಿಸಿ ಪಾಸಾಗುತ್ತಿದ್ದೆವು, ಅದರ ಅರ್ಥ ಯಾರಿಗೆ ಬೇಕಿತ್ತು. ಅತ್ತೆಯ ಹತ್ತಿರ ಆ ಆಟ ನಡೆಯುತ್ತಿರಲಿಲ್ಲ. ಅವರಿಗೆ ಸಂತೆಯ ತಮಿಳು ಬರುತ್ತಿತ್ತು, ಪುಸ್ತಕದ ತಮಿಳು ಬರುತ್ತಿರಲಿಲ್ಲ. "ಅದ್ನೇ ಉರು ಹೊಡೀಬ್ಯಾಡ. ನಮ್ ಮಾತ್ನಾಗೆ ಹೇಳು" ಎನ್ನುತ್ತಿದ್ದರು. ನಮ್ಮ ಮಾತಿನಲ್ಲಿ ಹೇಳಬೇಕಾದರೆ ಮೊದಲು ನಮಗೆ ಅರ್ಥವಾಗಬೇಕು. ಅಲ್ಲಿಗೆ ಸಿಕ್ಕಿಬಿದ್ದೆವು.

ಹೇಳಿದರೂ ಬಿಡುತ್ತಿರಲಿಲ್ಲ. "ನಂಗ್ ಗೊತ್ತಾಗ್ಲಿಲ್ಲ ಕಣ್ಲಾ. ಇನ್ನೊಂದ್ ಕಿತ ಹೇಳು." ಅವರಿಗೆ ಯಾವುದೂ ಮೂರು ಸಲಕ್ಕಿಂತ ಮೊದಲು ಗೊತ್ತಾದದ್ದೇ ಇಲ್ಲ. ಮೊದಲನೇ ಸಲ ಪುಸ್ತಕದ ಮಾತು ಬರುತ್ತಿತ್ತು. ಎರಡನೇ ಸಲ ತೊದಲುತ್ತಿದ್ದೆವು, ಎಲ್ಲಿ ಗಂಟು ಬಿದ್ದಿದೆ ಎಂದು ನಮಗೇ ಕಾಣುತ್ತಿತ್ತು. ಮೂರನೇ ಸಲ ಹೇಗೋ ದಾರಿ ಸಿಗುತ್ತಿತ್ತು. ಆಗ ಅವರ ಮುಖ ಅರಳಿ, "ಹಾಂ, ಈಗ ಬಂತು" ಎನ್ನುತ್ತಿದ್ದರು. ಆ ಎರಡು ಮಾತು ಕೇಳುವುದಕ್ಕೆ ನಾವು ಹೊಡೆದಾಡುತ್ತಿದ್ದೆವು. ಹೊಲದಿಂದ, ಕೆರೆಯಿಂದ, ಗೋಲಿಯಾಟದಿಂದ ಎದ್ದುಬಿದ್ದು ಓಡಿಬರುತ್ತಿದ್ದೆವು. ಮನೆಯಲ್ಲಿ ನಮ್ಮನ್ನು ಯಾರೂ ಯಾವುದನ್ನೂ ಎರಡನೇ ಸಲ ಹೇಳು ಎಂದವರಲ್ಲ. ಒಂದನೇ ಸಲಕ್ಕೇ ಬಾಯಿ ಮುಚ್ಚು ಎನ್ನುತ್ತಿದ್ದರು.

ಕೊಡತಿಯ ವಿಷಯ ಹೇಳಬೇಕು. ನಾವು ಹೇಳುತ್ತಿರುವಷ್ಟು ಹೊತ್ತೂ ಅದು ಟಕ್ ಟಕ್ ಎಂದು ಬಡಿಯುತ್ತಲೇ ಇರುತ್ತಿತ್ತು. ನಿಂತಿತೆಂದರೆ ನಾವು ಬುರುಡೆ ಬಿಡುತ್ತಿದ್ದೇವೆಂದು ಅರ್ಥ. ಗೊತ್ತಿಲ್ಲದ್ದನ್ನು ಗೊತ್ತಿರುವ ಹಾಗೆ ಹಾರಿಸಿ ಹೇಳಿದ ಕೂಡಲೇ ಕೊಡತಿ ಗಾಳಿಯಲ್ಲಿ ನಿಂತುಬಿಡುತ್ತಿತ್ತು. ತಲೆ ಎತ್ತಿ ನೋಡುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ನಾವೇ ಹಿಂದಕ್ಕೆ ಹೋಗಿ ಸರಿಮಾಡಿಕೊಂಡರೆ ಮತ್ತೆ ಟಕ್ ಟಕ್. ದನಿಯಲ್ಲೇ ಹಿಡಿಯುತ್ತಿದ್ದರು ಎಂದು ಈಗ ಗೊತ್ತಾಗುತ್ತದೆ. ಆಗ ನಾವು, ಅತ್ತೆಗೆ ಎಲ್ಲ ಬರುತ್ತೆ, ಬೇಕೆಂದೇ ನಾಟಕ ಮಾಡುತ್ತಾಳೆ ಎಂದುಕೊಂಡಿದ್ದೆವು. ಕೃಷ್ಣಗಿರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಎಸ್ಸೆಲ್ಸಿ ಓದಿದ್ದಾಳೆ ಎಂದು ಊರಿನಲ್ಲಿ ಮಾತಿತ್ತು. ಯಾರು ಹುಟ್ಟಿಸಿದ ಮಾತೋ. ಅವರು ಹೇಳಿಕೊಂಡಿರಲಿಲ್ಲ, ಯಾರೂ ಕೇಳಿರಲೂ ಇಲ್ಲ.

ಯಾರಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ ಅದಕ್ಕೊಂದು ಕ್ರಮ. ಪಕ್ಕದ ತಗಡಿನ ಡಬ್ಬದಿಂದ ಒಂದು ಹುಣಸೆಬೀಜ ತೆಗೆದು ಕೊಡುತ್ತಿದ್ದರು. ಅದನ್ನು ಜೇಬಿನಲ್ಲಿಟ್ಟುಕೊಂಡು ಸ್ಕೂಲಿಗೆ ಹೋಗಬೇಕು, ಸಾರ್‌ನೋ ದೊಡ್ಡ ಹುಡುಗರನ್ನೋ ಕೇಳಿ ಉತ್ತರ ತರಬೇಕು. ತಂದು ಹೇಳಿ, ಅವರು 'ಈಗ ಬಂತು' ಎಂದ ಮೇಲೆಯೇ ಬೀಜ ಡಬ್ಬಕ್ಕೆ ವಾಪಸ್ಸು. ಹಾಗೆ ತಂದವರಿಗೆ ಹುರಿದು ನೆನೆಸಿದ ಬೀಜ ತಿನ್ನಲು ಒಂದು ಹಿಡಿ. ಒಂದು ಸಲ ಮುನಿರಾಜು ಎಲೆಗಳು ಬಿಸಿಲಿನಲ್ಲಿ ಅಡುಗೆ ಮಾಡಿಕೊಳ್ಳುವ ಪಾಠ ಹೇಳುತ್ತಿದ್ದ. ಅವನು ಒಂಬತ್ತನೇ ಕ್ಲಾಸಿನಲ್ಲಿ ಒಂದು ಸಲ ಫೇಲಾಗಿ ಕೂತಲ್ಲೇ ಕೂತವನು, ನಾಲ್ಕು ಜನರೆದುರು ಬಾಯಿ ಬಿಡುತ್ತಿರಲಿಲ್ಲ. ಅತ್ತೆ ಕೇಳಿದರು: "ಹಂಗಾದ್ರೆ ರಾತ್ರೆಲ್ಲ ಮರ ಉಪಾಸವಾ?"

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. "ಅದ್ಕೇ ಇರಬೌದು, ಹುಣಸೆ ಮರ ಸಂಜಿಗೆ ಎಲೆ ಮಡಚ್ಕೊಂಡು ಮಲಗ್ತದೆ. ಕೇಳ್ಕೊಂಬಾ" ಎಂದು ಬೀಜ ಕೊಟ್ಟರು. ಆ ಬೀಜವನ್ನು ಹಿಡಿದುಕೊಂಡು ಮುನಿರಾಜು ತನ್ನ ಜನ್ಮದಲ್ಲಿ ಮೊದಲನೇ ಸಲ ಕ್ಲಾಸಿನಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿದ. ಸೈನ್ಸ್ ಸಾರ್ ಎರಡು ಪೀರಿಯಡ್ ಅದನ್ನೇ ಹೇಳಿದರು. ಮರ ಹಗಲು ಮಾಡಿಟ್ಟುಕೊಂಡದ್ದನ್ನು ರಾತ್ರಿ ಉಣ್ಣುತ್ತದೆಂದು ಅವನು ಸಂಜೆ ಬಂದು ಹೇಳಿದಾಗ ಅತ್ತೆ, "ಜಾಣ ಮರ" ಎಂದರು. ಹೇಳಿದ್ದು ಮರಕ್ಕಾದರೂ ಮುನಿರಾಜು ಒಂದು ವಾರ ಎದೆ ಸೆಟೆಸಿಕೊಂಡು ಓಡಾಡಿದ.

ಈಗ ನನ್ನ ವಿಷಯ. ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ನಾನು ಲೆಕ್ಕದಲ್ಲಿ ಸ್ಕೂಲಿಗೇ ಮೊದಲು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ; ನಾನು ಹಗಲಲ್ಲೂ ಹಿಡಿದೆ. ಒಂದೇ ಸಲಕ್ಕೆ ಸರಿಯಾಗಿ ಹೇಳಿದ್ದನ್ನು ಮೂರು ಸಲ ಹೇಳಿಸುತ್ತಾಳಲ್ಲ ಎಂದು ಸಿಟ್ಟು ಬರುತ್ತಿತ್ತು. ಪರೀಕ್ಷೆಗೆ ಒಂದು ತಿಂಗಳಿರುವಾಗ ಚಿಕ್ಕ ಮಕ್ಕಳಿಗೆಲ್ಲ ಕೇಳುವ ಹಾಗೆ, ತ್ರಿಕೋನದ ಮೂರು ಮೂಲೆ ಕೂಡಿದರೆ ನೂರ ಎಂಬತ್ತು ಡಿಗ್ರಿ ಎಂದೆ.

"ಯಾವ ತ್ರಿಕೋನಕ್ಲಾ?"

"ಎಲ್ಲಾದಕ್ಕೂ."

"ಅಂಗೈಯಷ್ಟಿರೋದ್ಕೂ ಅಷ್ಟೇ, ಹೊಲದಷ್ಟಿರೋದ್ಕೂ ಅಷ್ಟೇನಾ? ಅದೆಂಗಾದೀತು? ಇನ್ನೊಂದ್ ಕಿತ ಹೇಳು."

ಮೂರು ಸಲ ಹೇಳಿದೆ. ಯಾಕೆ ಎಂಬುದು ನನಗೂ ಗೊತ್ತಿರಲಿಲ್ಲ, ಕೊಡತಿ ಮೂರು ಸಲವೂ ನಿಂತಿತು. ಬೀಜ ನನ್ನ ಕೈಗೆ ಬಂತು. ಅಷ್ಟು ವರ್ಷಗಳಲ್ಲಿ ಲೆಕ್ಕದಲ್ಲಿ ನನಗೆ ಬೀಜ ಬಂದದ್ದು ಅದೇ ಮೊದಲು. ಸ್ಕೂಲಿನಲ್ಲಿ ಕೇಳಿದರೆ ಲೆಕ್ಕದ ಸಾರ್, ಪರೀಕ್ಷೆ ಹತ್ತಿರ ಬಂದಿದೆ, ಹೇಳಿದ್ದನ್ನು ಬರಿ ಸಾಕು ಎಂದರು. ಆ ಅವಮಾನವನ್ನು ಜೇಬಿನಲ್ಲಿಟ್ಟುಕೊಂಡು ಮೂರು ಮೈಲಿ ನಡೆದು ಬರುವಾಗ ನನಗೊಂದು ಕೆಟ್ಟ ಬುದ್ಧಿ ಹೊಳೆಯಿತು. ದಾರಿಯುದ್ದಕ್ಕೂ ದನಿ ಅಲುಗದ ಹಾಗೆ ಬಾಯಿಪಾಠ ಮಾಡಿಕೊಂಡೆ.

ಆ ಸಂಜೆ ಊರಿನಲ್ಲಿ ಅಂಗಡಿ ಇಟ್ಟುಕೊಂಡಿದ್ದ ಗೌಡರು ಮಗನನ್ನು ಕರೆದೊಯ್ಯಲು ಬಂದು ಜಗಲಿಯ ಕೆಳಗೆ ನಿಂತಿದ್ದರು. ನಾನು ಕೂತವನೇ ಹೇಳಿದೆ: "ಅತ್ತೆ, ನೀನ್ ಹೇಳಿದ್ದೇ ಸರಿ. ಸಾರ್ ಹೇಳಿದ್ರು. ಸಣ್ಣ ತ್ರಿಕೋನಕ್ಕೆ ಕಮ್ಮಿ ಬತ್ತದೆ, ದೊಡ್ಡದಕ್ಕೆ ಜಾಸ್ತಿ ಬತ್ತದೆ. ನೂರ ಎಂಬತ್ತು ಅನ್ನೋದು ನಡುವಿನದಕ್ಕೆ." ಇನ್ನೊಂದು ಸಲ ಕೇಳಿದರು, ಇನ್ನೊಂದು ಸಲ ಹೇಳಿದೆ. ಮೂರನೇ ಸಲವೂ ಹೇಳಿದೆ. ಕೊಡತಿ ಒಮ್ಮೆಯೂ ನಿಲ್ಲಲಿಲ್ಲ.

"ಹಾಂ, ಈಗ ಬಂತು," ಎಂದರು. "ನೋಡ್ದಾ, ನಂಗೂ ಹಂಗೇ ಅನಿಸ್ತಾ ಇತ್ತು." ಅವರಿಗೆ ಅಷ್ಟು ಸಂತೋಷವಾದದ್ದನ್ನು ನಾನು ನೋಡಿರಲಿಲ್ಲ. ತಮ್ಮ ಅನುಮಾನ ಪುಸ್ತಕಕ್ಕಿಂತ ಸರಿಯಾಗಿತ್ತಲ್ಲ ಎಂಬ ಸಂತೋಷ. ನನ್ನ ಕೈಯಿಂದ ಬೀಜ ತೆಗೆದುಕೊಂಡು ಡಬ್ಬಕ್ಕೆ ಹಾಕಿದರು. ಅದು ತಗಡಿಗೆ ಬಿದ್ದ ಸದ್ದಾದ ಮೇಲೆ ನಾನು ನಕ್ಕೆ.

"ಅತ್ತೆ, ನಿಂಗೆ ಲೆಕ್ಕಾನೇ ಬರಾಕಿಲ್ಲ. ನಾನ್ ಹೇಳಿದ್ದು ಪೂರಾ ಸುಳ್ಳು."

ಗೌಡರು ತಲೆ ಎತ್ತಿದರು. "ಯಾಕಮ್ಮ, ನೀನ್ ಎಷ್ಟನೇ ಕ್ಲಾಸು ಓದಿರೋದು?"

"ಐದು," ಎಂದರು ಅತ್ತೆ. ಕೇಳಿದ್ದಕ್ಕೆ ಹೇಳಿದರು, ಅಷ್ಟೇ. ಆಮೇಲೆ ಡಬ್ಬಕ್ಕೆ ಕೈ ಹಾಕಿ ಒಂದು ಬೀಜ ತೆಗೆದು ನನ್ನ ಕಡೆ ಚಾಚಿದರು. "ಹಂಗಾದ್ರೆ ಸರಿಯಾದ್ದು ಏನ್ಲಾ? ಸಿಕ್ಕಿದಾಗ ತಂದು ಹೇಳು."

ಅಭ್ಯಾಸದ ಮೇಲೆ ನನ್ನ ಕೈ ತಾನಾಗಿ ಮುಂದೆ ಹೋಯಿತು. ಬೀಜ ಜೇಬಿಗೆ ಹಾಕಿಕೊಂಡು ಎದ್ದು ಹೋದೆ. ಬೆನ್ನ ಹಿಂದೆ ಕೊಡತಿಯ ಸದ್ದು ಇರಲಿಲ್ಲ.

ಐದನೇ ಕ್ಲಾಸಿನವಳು ಹತ್ತನೇ ಕ್ಲಾಸಿಗೆ ಏನು ಹೇಳಿಕೊಟ್ಟಾಳು ಎಂದು ಊರಿಗೆ ಊರೇ ಎಚ್ಚೆತ್ತಿತು. ಐದಾರು ವರ್ಷ ಮಕ್ಕಳು ಪಾಸಾದದ್ದನ್ನು ಯಾರೂ ನೆನೆಯಲಿಲ್ಲ. ವಾರದೊಳಗೆ ನಾವೆಲ್ಲ ಸೂಳಗಿರಿಯ ಬಿ.ಎಸ್ಸಿ. ಓದಿದ ಒಬ್ಬರ ಮನೆಯ ಟ್ಯೂಷನ್ನಿಗೆ ಸೇರಿದೆವು. ಅವರು ಒಳ್ಳೆಯವರೇ, ಲೆಕ್ಕವೂ ಚೆನ್ನಾಗಿ ಬರುತ್ತಿತ್ತು. ಬೋರ್ಡಿನ ಮೇಲೆ ಬರೆಯುತ್ತಿದ್ದರು, ನಾವು ಇಳಿಸಿಕೊಳ್ಳುತ್ತಿದ್ದೆವು. ಅರ್ಥವಾಯಿತಾ ಎಂದು ತಮಿಳಿನಲ್ಲಿ "ಪುರಿಂಜುದಾ?" ಎಂದರೆ ನಲವತ್ತು ಬಾಯಿ ಒಟ್ಟಿಗೆ "ಪುರಿಂಜುದು ಸಾರ್" ಎನ್ನುತ್ತಿತ್ತು. ಇನ್ನೊಂದು ಸಲ ಹೇಳು ಎಂದು ನನ್ನನ್ನು ಯಾರೂ ಕೇಳಲಿಲ್ಲ. ಎರಡನೇ ವಾರಕ್ಕೇ ನನಗೆ ನಿದ್ದೆ ಬರತೊಡಗಿತು.

ಅತ್ತೆಯ ಜಗಲಿಯಲ್ಲಿ ಮೂರೇ ಮಕ್ಕಳು ಉಳಿದರು. ಇಬ್ಬರು ಚಿಕ್ಕವರು, ಇನ್ನೊಬ್ಬ ಮುನಿರಾಜು. ಅವನ ಅಪ್ಪ ಕುರಿ ಹಿಂದೆ ಹೋದವನು ಸುದ್ದಿ ಕೇಳಿರಲಿಲ್ಲವೋ, ಕೇಳಿಯೂ ಬಿಟ್ಟನೋ. ಪರೀಕ್ಷೆಯಲ್ಲಿ ನಾನು ಪಾಸಾದೆ, ನಾನು ಅಂದುಕೊಂಡಿದ್ದ ಹಾಗಲ್ಲ, ಸುಮಾರಾಗಿ. ಮುನಿರಾಜುವೂ ಪಾಸಾದ. ಅವನೇ ಪಾಸಾದ ಎಂದರೆ ಆ ಜಗಲಿಯಲ್ಲಿ ಏನೋ ಇದೆ ಎಂದು ಗೌಡರು ಮುಂದಿನ ವರ್ಷ ತಾವೇ ಚಿಕ್ಕ ಮಗನನ್ನು ತಂದು ಕೂರಿಸಿ, "ಏನ್ ಮಾಡ್ತೀಯೋ ಮಾಡಮ್ಮ, ನಾನ್ ಕೇಳಾಕಿಲ್ಲ" ಎಂದರಂತೆ. ಮೆಲ್ಲಗೆ ಜಗಲಿ ಮತ್ತೆ ತುಂಬಿತು. ಇದೆಲ್ಲ ನಾನು ಕೇಳಿ ತಿಳಿದದ್ದು. ಊರಿಗೆ ಹೋದರೂ ಆ ಬೀದಿಗೆ ಹೋಗುತ್ತಿರಲಿಲ್ಲ, ಸುತ್ತು ಬಳಸಿ ಮನೆ ಸೇರುತ್ತಿದ್ದೆ.

ಐ.ಟಿ.ಐ. ಮುಗಿಸಿದೆ. ಹೊಸೂರಿನಲ್ಲಿ ಆಗ ಒಂದರ ಹಿಂದೊಂದು ಫ್ಯಾಕ್ಟರಿಗಳು ಬರುತ್ತಿದ್ದವು, ಅಂಥ ಒಂದರಲ್ಲಿ ಲೇತ್ ಮೇಲೆ ಕೆಲಸ ಸಿಕ್ಕಿತು. ಅಲ್ಲೇ ಆಲಸನತ್ತಂನಲ್ಲಿ ಬಾಡಿಗೆ ರೂಮು. ಐದಾರು ವರ್ಷದ ಮೇಲೆ ಹೊಸ ಅಪ್ರೆಂಟಿಸ್ ಹುಡುಗರಿಗೆ ಕಲಿಸುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಡೆಂಕಣಿಕೋಟೆಯ ಕಡೆಯ ಒಬ್ಬ ಹುಡುಗ ಇದ್ದ. ಏನು ಹೇಳಿದರೂ "ಯೆಸ್ ಸಾರ್, ಗೊತ್ತಾಯ್ತು ಸಾರ್" ಎನ್ನುವನು, ಹೇಳಿ ಈ ಕಡೆ ತಿರುಗುವಷ್ಟರಲ್ಲಿ ಅಳತೆ ತಪ್ಪಿಸಿ ಕೆಡಿಸಿಡುವನು. ನಾಲ್ಕನೇ ದಿನ ತಲೆ ಕೆಟ್ಟು, ಸ್ಟೂಲಿನ ಮೇಲೆ ಕೂತು, "ನಂಗೇ ಗೊತ್ತಾಗ್ಲಿಲ್ಲ ಕಣಪ್ಪ. ನೀನೇ ಹೇಳು, ಕೇಳ್ತೀನಿ" ಎಂದುಬಿಟ್ಟೆ. ಅವನು ಹೆದರುತ್ತಾ ಶುರು ಮಾಡಿದ. ಎಲ್ಲಿ ತಪ್ಪುತ್ತಿದ್ದಾನೆಂದು ಎರಡನೇ ಸಲಕ್ಕೆ ಅವನೇ ಕಂಡುಕೊಂಡ. ಮೂರನೇ ಸಲ ಹೇಳುವಾಗ ಅವನ ಮುಖ ಅರಳಿತು, 'ಹಾಂ, ಈಗ ಬಂತು' ಎಂದೆ ನಾನು. ಅದು ಯಾರ ಮಾತು, ಯಾರ ಜಗಲಿಯಿಂದ ಬಂದದ್ದು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಮುನಿರಾಜು ಆಗ ಹೊಸೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಅಂಗಡಿ ಇಟ್ಟಿದ್ದ. ಆ ಭಾನುವಾರ ಅವನ ಹತ್ತಿರ ಹೋಗಿ, ಅವತ್ತು ನಾನು ಎದ್ದು ಹೋದ ಮೇಲೆ ಅತ್ತೆ ಏನಂದರು ಎಂದು ಕೇಳಿದೆ. ಅಷ್ಟು ವರ್ಷ ಕೇಳಲು ಧೈರ್ಯ ಬಂದಿರಲಿಲ್ಲ. ಅವನು ಟ್ಯೂಬಿಗೆ ಪಂಚರ್ ಹಾಕುತ್ತಲೇ ಹೇಳಿದ: "ನಿನ್ನೇನೂ ಬೈಲಿಲ್ಲ ಕಣಪ್ಪ. ಎಲ್ಲಾ ಹೋದ್ಮೇಲೆ ಒಂದೇ ಮಾತಂದ್ಲು. ನಾನೂ ಇವರ ಜೊತೆ ಆರ್ನೇ ಕ್ಲಾಸಿಂದ ಹತ್ತನೇ ಕ್ಲಾಸ್ ಗಂಟ ಬಂದಿದ್ದೆ, ಇನ್ನೊಂದೇ ತಿಂಗ್ಳಿತ್ತು, ಅಂದ್ಲು."

ಅವರು ನಾಟಕ ಆಡಿರಲಿಲ್ಲ. ನಿಜಕ್ಕೂ ಗೊತ್ತಾಗದೆ ಕೇಳುತ್ತಿದ್ದರು, ನಿಜಕ್ಕೂ ಗೊತ್ತಾದಾಗ ಮುಖ ಅರಳುತ್ತಿತ್ತು. ಐದನೇ ಕ್ಲಾಸಿಗೆ ಬಿಡಿಸಿದ ಸ್ಕೂಲನ್ನು ಅವರು ನಮ್ಮ ಬಾಯಿಂದ ಓದುತ್ತಿದ್ದರು. ಕೊನೆಯ ತಿಂಗಳಿನಲ್ಲಿ ಅವರ ಕೈಯಿಂದ ಪುಸ್ತಕ ಕಿತ್ತುಕೊಂಡವನು ನಾನು. ಅವತ್ತು ಅಂಗಡಿಯ ಹಲಗೆಯ ಮೇಲೆ ಕೂತು ಕಣ್ಣೀರು ಹಾಕಿದೆ. ಮುನಿರಾಜು ಪಂಪು ಹೊಡೆಯುತ್ತಾ ನೋಡದವನಂತೆ ಇದ್ದ.

ಮಾರನೆಯ ಭಾನುವಾರ ಊರಿಗೆ ಹೋದೆ. ಹುಣಸೆಹಣ್ಣಿನ ಕಾಲವೇ. ಬೀಜ ನನ್ನ ಹಳೆಯ ಕಂಪಾಸ್ ಪೆಟ್ಟಿಗೆಯಲ್ಲಿ ಇನ್ನೂ ಇತ್ತು. ಮಧ್ಯಾಹ್ನ ಮಕ್ಕಳು ಬರುವ ಮುಂಚೆ ಹೋಗಿ ಜಗಲಿಯ ತುದಿಯಲ್ಲಿ ಕೂತೆ. ಅತ್ತೆ ಕತ್ತೆತ್ತಿ ನೋಡಿ, "ಸಣ್ಣಾಗೋಗಿದ್ದೀಯಲ್ಲಾ. ಫ್ಯಾಕ್ಟರಿನಾಗೆ ಹಿಟ್ಟಾಕಾಕಿಲ್ವಾ?" ಎಂದರು. ಕೂದಲು ಪೂರಾ ಬೆಳ್ಳಗಾಗಿತ್ತು. ಕೊಡತಿ ಅದೇ, ಹಿಡಿ ಮಾತ್ರ ಹೊಸದು.

ನಾನು ಬೀಜವನ್ನು ಕಲ್ಲಿನ ಪಕ್ಕದಲ್ಲಿಟ್ಟು, "ಸರಿಯಾದ್ದು ಸಿಕ್ತು ಅತ್ತೆ. ಹೇಳ್ಲಾ?" ಎಂದೆ.

"ಹೇಳು."

ಹಳೆಯ ಪೇಪರಿನಲ್ಲಿ ಒಂದು ತ್ರಿಕೋನ ಕತ್ತರಿಸಿದೆ. ಅದರ ಮೂರು ಮೂಲೆಗಳನ್ನು ಹರಿದು, ತುದಿಗೆ ತುದಿ ಕೂಡಿಸಿ ಜಗಲಿಯ ಮೇಲೆ ಜೋಡಿಸಿದೆ. ಮೂರೂ ಸೇರಿ ಒಂದು ನೇರ ಗೆರೆಯ ಮೇಲೆ ಕೂತವು. ಅವರು ನೋಡಿದರು. "ಇನ್ನೊಂದ್ ಕಿತ ಮಾಡು, ಸಣ್ಣದು" ಎಂದರು. ಬೆರಳಿನಷ್ಟು ಸಣ್ಣದನ್ನು ಕತ್ತರಿಸಿ ಮಾಡಿದೆ, ಅದೂ ನೇರ ಕೂತಿತು. ಮೂರನೆಯದನ್ನು ಅವರೇ ಕಸಿದುಕೊಂಡು, ಇಡೀ ಹಾಳೆಯಲ್ಲಿ ಸೊಟ್ಟಂಬಟ್ಟ ಒಂದು ತ್ರಿಕೋನ ಹರಿದು, ಹುಳಿ ಅಂಟಿದ ಬೆರಳುಗಳಿಂದ ಮೂಲೆಗಳನ್ನು ಜೋಡಿಸಿ, ಅಂಗೈಯಿಂದ ಒತ್ತಿ ಒತ್ತಿ ನೋಡಿದರು.

"ಅಂಗೈಯಷ್ಟಿರೋದ್ಕೂ ಅಷ್ಟೇ, ಹೊಲದಷ್ಟಿರೋದ್ಕೂ ಅಷ್ಟೇ," ಎಂದು ತಮಗೇ ಹೇಳಿಕೊಂಡರು. ಆಮೇಲೆ, "ಹಾಂ, ಈಗ ಬಂತು" ಎಂದರು. ಬೀಜ ತೆಗೆದು ಡಬ್ಬಕ್ಕೆ ಹಾಕಿ ಮತ್ತೆ ಕೊಡತಿ ಹಿಡಿದರು.

ನಾನು ಬಂದದ್ದು ತ್ರಿಕೋನಕ್ಕೆ ಮಾತ್ರವಲ್ಲ. ಹೊಸೂರಿನಿಂದ ಬಸ್ಸಿನಲ್ಲಿ ಬರುವಾಗ ಮಾತುಗಳನ್ನು ಜೋಡಿಸಿಕೊಂಡೇ ಬಂದಿದ್ದೆ. "ಅತ್ತೆ, ಅವತ್ತು ನಾನು..." ಎಂದೆ. ಅಷ್ಟೇ ಎಂದದ್ದು. ಕೊಡತಿ ನಿಲ್ಲುತ್ತದೆ ಎಂದು ಕಾದೆ. ಅದು ನಿಲ್ಲಲಿಲ್ಲ.

"ಅದು ಬಂತು ಬಿಡ್ಲಾ," ಎಂದರು ಅತ್ತೆ, ಹಣ್ಣು ಬಡಿಯುತ್ತಲೇ. "ಅದ್ಕೆ ಮೂರ್ ಕಿತ ಬ್ಯಾಡ."